ಸೆಪಿಲಾಕ್ ಸ್ಕೈವಾಕ್: ನಡೆಯುವುದಕ್ಕಲ್ಲ, ನಿಲ್ಲುವುದಕ್ಕೆ

ಮೊದಲೇ ಹೇಳಿಬಿಡುತ್ತೇನೆ. ತೂಗಾಡುವ ಹಗ್ಗದ ಸೇತುವೆ, ಎದೆ ಝಲ್ಲೆನ್ನಿಸುವ ಹೆಜ್ಜೆ, ನಡುಮಧ್ಯೆ ನಿಂತು ಕಿರುಚಾಡುತ್ತಾ ವಿಡಿಯೊ, ಇವೆಲ್ಲ ಬೇಕು ಅನ್ನುವವರಿಗೆ ಸೆಪಿಲಾಕ್ ಸರಿಯಾದ ಜಾಗವಲ್ಲ. ಬೋರ್ನಿಯೋ ದ್ವೀಪದ ಮಲೇಷ್ಯಾ ಭಾಗದಲ್ಲಿ, ಸಬಾ ರಾಜ್ಯದಲ್ಲಿರುವ ರೇನ್‌ಫಾರೆಸ್ಟ್ ಡಿಸ್ಕವರಿ ಸೆಂಟರ್‌ನ ಸ್ಕೈವಾಕ್, ಅಂದರೆ ಕಾಡಿನ ಮರಗಳ ನಡುವೆ ಎತ್ತರದಲ್ಲಿ ಸಾಗುವ ಕಾಲುದಾರಿ, ಒಂಚೂರೂ ಓಲಾಡುವುದಿಲ್ಲ. ‘ಥ್ರಿಲ್ಲೇ ಇಲ್ಲ ಸಾರ್’ ಎಂದು ನಮ್ಮ ಮುಂದೆಯೇ ಮೂಗು ಮುರಿದುಕೊಂಡು ಇಳಿದುಹೋದವರಿದ್ದರು. ನಾನು ಐದಕ್ಕೆ ಐದು ಕೊಡುತ್ತಿರುವುದು ಅದೇ ಕಾರಣಕ್ಕೆ.

ನೌಕರಿಯುದ್ದಕ್ಕೂ ಹೈಟೆನ್ಷನ್ ಲೈನಿನ ಟವರುಗಳನ್ನು ಹತ್ತಿ ಇಳಿದವನು ನಾನು. ಉಕ್ಕಿನ ಕಟ್ಟಡ ಕಂಡರೆ ಕಣ್ಣು ತಾನಾಗಿಯೇ ಬೋಲ್ಟು, ಬ್ರೇಸಿಂಗು, ಬುಡದ ಕಾಂಕ್ರೀಟಿನ ಕಡೆಗೆ ಹೋಗುತ್ತದೆ. ನಿವೃತ್ತಿಯಾದರೂ ಆ ಚಟ ಬಿಟ್ಟಿಲ್ಲ. ನಮ್ಮಾಕೆಯದು ಇದಕ್ಕೆ ಪೂರ್ತಿ ಉಲ್ಟಾ. ಎರಡನೇ ಮಹಡಿಯ ಬಾಲ್ಕನಿಯಿಂದ ಕೆಳಗೆ ನೋಡಿದರೂ ಅವಳಿಗೆ ತಲೆಸುತ್ತು. ಹಕ್ಕಿಗಳ ಹುಚ್ಚು ಮಾತ್ರ ನನಗಿಂತ ಅವಳಿಗೇ ಹೆಚ್ಚು. ಇಂಥ ಇಬ್ಬರೂ ಒಂದೇ ಕಟ್ಟೆಯ ಮೇಲೆ ಗಂಟೆಗಟ್ಟಲೆ ನಿಂತೆವು ಅಂದರೆ ಕಟ್ಟಿದವರು ಏನೋ ಸರಿಯಾದದ್ದನ್ನೇ ಮಾಡಿದ್ದಾರೆ.

ಅವರು ಮಾಡಿರುವುದು ಇಷ್ಟೇ: ದಾರಿಯನ್ನು ಮರಕ್ಕೆ ಕಟ್ಟದೆ, ನೆಲದಿಂದ ಎದ್ದ ಉಕ್ಕಿನ ಕಂಬಗಳ ಮೇಲೆ ನಿಲ್ಲಿಸಿದ್ದಾರೆ. ಘಾನಾ ದೇಶದ ಕಾಕುಮ್ ರಾಷ್ಟ್ರೀಯ ಉದ್ಯಾನದಲ್ಲಿ 1995ರಲ್ಲಿ ತೆರೆದ ಹೆಸರಾಂತ ಸೇತುವೆಗಳ ಕ್ರಮವೇ ಬೇರೆ. ಅಲ್ಲಿ ದೊಡ್ಡ ಮರಗಳಿಂದಲೇ ಕೇಬಲ್ ಇಳಿಬಿಟ್ಟು ಏಳು ತೂಗುಸೇತುವೆ ಕಟ್ಟಿದ್ದಾರೆ. ಅದನ್ನು ನಾನು ಚಿತ್ರದಲ್ಲಷ್ಟೇ ನೋಡಿದ್ದು, ಆದರೆ ಅದರ ಲೆಕ್ಕಾಚಾರ ಅರ್ಥವಾಗುತ್ತದೆ. ಕಾಡಿನೊಳಗೆ ಭಾರೀ ಯಂತ್ರ ತರಬೇಕಿಲ್ಲ, ಬುನಾದಿಗೆ ನೆಲ ಅಗೆಯಬೇಕಿಲ್ಲ. ಆದರೆ ಮರ ಸುಮ್ಮನೆ ನಿಲ್ಲುವ ಕಂಬವಲ್ಲ. ದಪ್ಪವಾಗುತ್ತದೆ, ಗಾಳಿಗೆ ತೂಗುತ್ತದೆ, ಒಳಗೊಳಗೇ ಟೊಳ್ಳಾಗುತ್ತದೆ. ಕೇಬಲ್ ಬಿಗಿದ ಜಾಗವನ್ನು ಯಾರಾದರೂ ಸದಾ ನೋಡುತ್ತಲೇ ಇರಬೇಕು. ಉಕ್ಕಿನ ಕಂಬಕ್ಕೆ ತುಕ್ಕಿನ ಕಾಟವೊಂದೇ. ಈ ತೇವದ ಹವೆಯಲ್ಲಿ ಅದೂ ಸಣ್ಣ ಕಾಟವಲ್ಲ ಅನ್ನುವುದು ಬೇರೆ ಮಾತು.

ನೋಡಲು ಬಂದವನಿಗೆ ಇದರಿಂದ ಏನು ಲಾಭ? ಬೈನಾಕ್ಯುಲರ್ ಕಣ್ಣಿಗೆ ಹಿಡಿದು ನೋಡಿ, ಗೊತ್ತಾಗುತ್ತದೆ. ಎಂಟುಪಟ್ಟು ದೊಡ್ಡದು ಮಾಡುವ ಬೈನಾಕ್ಯುಲರ್ ಅಲುಗಾಟವನ್ನೂ ಎಂಟುಪಟ್ಟು ಮಾಡುತ್ತದೆ. ಬೇರೊಂದು ದೇಶದ ಖಾಸಗಿ ತಾಣವೊಂದರ ಹಗ್ಗದ ಸೇತುವೆಯ ಮೇಲೆ (ಹೆಸರು ಬೇಡ) ನಮಗೆ ಒಂದು ಹಕ್ಕಿಯೂ ನೆಟ್ಟಗೆ ಕಾಣಲಿಲ್ಲ. ಹಿಂದಿನವರು ಹೆಜ್ಜೆ ಇಟ್ಟರೆ ನಮ್ಮ ಕಾಲಡಿಯ ಹಲಗೆ ಏಳುತ್ತಿತ್ತು. ನಿಂತರೆ ಆ ತುದಿಯಲ್ಲಿದ್ದ ಹುಡುಗ ಸೀಟಿ ಊದಿ ‘ಮೂವ್, ಮೂವ್’ ಅನ್ನುತ್ತಿದ್ದ. ಅವನದೇನೂ ತಪ್ಪಿಲ್ಲ, ಸೇತುವೆಯ ಮೇಲೆ ಇಂತಿಷ್ಟೇ ಜನ ಇರಬೇಕೆಂಬ ನಿಯಮ. ಹತ್ತು ನಿಮಿಷದಲ್ಲಿ ದಾಟಿ ಆಚೆ ಇಳಿದಾಗ ನಮ್ಮಾಕೆ, ‘ರೀ, ಕಾಡೆಲ್ಲಿತ್ತು? ನಾನು ನೋಡಿದ್ದು ನನ್ನ ಚಪ್ಪಲಿ ಮಾತ್ರ’ ಅಂದಿದ್ದಳು.

ಸೆಪಿಲಾಕ್‌ನಲ್ಲಿ ಸೀಟಿಯಿಲ್ಲ. ಸುಮಾರು 350 ಮೀಟರ್ ಉದ್ದದ ದಾರಿ, ನೆಲದಿಂದ 25 ಮೀಟರ್‌ನ ಆಸುಪಾಸಿನ ಎತ್ತರ, ನಡುನಡುವೆ ಗೋಪುರಗಳು. ಎದುರಿಗೆ ಬಂದವರಿಗೆ ದಾರಿ ಬಿಟ್ಟು ರೇಲಿಂಗಿಗೆ ಒರಗಿ ಎಷ್ಟು ಹೊತ್ತು ಬೇಕಾದರೂ ನಿಲ್ಲಬಹುದು. ಗೋಪುರಗಳಿಗೆ ಹಕ್ಕಿಗಳ ಹೆಸರಿಟ್ಟಿದ್ದಾರೆ: ಹಾರ್ನ್‌ಬಿಲ್ ಟವರ್, ಟ್ರೋಗನ್ ಟವರ್, ಬ್ರಿಸಲ್‌ಹೆಡ್ ಟವರ್. ನಡೆಸುವುದು ಸಬಾ ಅರಣ್ಯ ಇಲಾಖೆ. ಕಾಡು ಸುಮಾರು 43 ಚದರ ಕಿಲೋಮೀಟರ್‌ನ ಕಬಿಲಿ-ಸೆಪಿಲಾಕ್ ರಕ್ಷಿತಾರಣ್ಯದ ಅಂಚು. ಸಂಡಾಕನ್ ಊರಿನಿಂದ ಬರುವ ದಾರಿಯಲ್ಲಿ ತಾಳೆಎಣ್ಣೆಯ ತೋಟಗಳನ್ನು ನೋಡಿಕೊಂಡು ಬಂದ ಮೇಲೆ ಈ 43 ಚದರ ಕಿಲೋಮೀಟರ್ ಎಷ್ಟು ದೊಡ್ಡದು, ಎಷ್ಟು ಚಿಕ್ಕದು ಎರಡೂ ಒಟ್ಟಿಗೆ ಅರಿವಾಗುತ್ತದೆ.

ಒಂದು ವಿಷಯ ಮಾತ್ರ ಸ್ಪಷ್ಟವಾಗಿರಲಿ. ಕಾಡಿನ ನೆತ್ತಿಯ ಮೇಲೆ ನಡೆಯುತ್ತೀರಿ ಎಂದು ಎಲ್ಲರೂ ಬರೆಯುತ್ತಾರೆ. ನೆತ್ತಿಯಲ್ಲ, ಹೆಚ್ಚೆಂದರೆ ಹೆಗಲು. ಇಲ್ಲಿನ ಕಾಡಿನ ಯಜಮಾನರು ಡಿಪ್ಟರೋಕಾರ್ಪ್ ಕುಟುಂಬದ ಮರಗಳು. ಸಬಾದಲ್ಲೇ ಇರುವ ಡಾನಮ್ ಕಣಿವೆಯ ‘ಮೆನಾರಾ’ ಎಂಬ ಮರವನ್ನು 2019ರಲ್ಲಿ ಹತ್ತಿ ಟೇಪು ಬಿಟ್ಟು ಅಳೆದಾಗ ಸಿಕ್ಕಿದ್ದು 100.8 ಮೀಟರ್! ನಾನು ಹತ್ತಿದ ಟವರುಗಳಲ್ಲಿ ಅಷ್ಟೆತ್ತರದ್ದು ಒಂದೂ ಇಲ್ಲ. ಸೆಪಿಲಾಕ್‌ನ ಮರಗಳು ಅಷ್ಟು ಬೆಳೆದಿಲ್ಲವಾದರೂ ಸ್ಕೈವಾಕ್ ಮೇಲೆ ನಿಂತಾಗಲೂ ದೊಡ್ಡ ಮರಗಳ ತಲೆ ನೋಡಲು ಕತ್ತೆತ್ತಲೇಬೇಕು.

ಹಾಗಿದ್ದರೂ ಆ ಹೆಗಲಿಗೆ ಏರಿದ್ದಕ್ಕೆ ಬೆಲೆಯಿದೆ. ಮಳೆಕಾಡಿನ ನೆಲಕ್ಕೆ ತಲುಪುವ ಬಿಸಿಲು ನೂರರಲ್ಲಿ ಒಂದೋ ಎರಡೋ ಪಾಲು. ಚಿಗುರು, ಹೂವು, ಹಣ್ಣು, ಅವನ್ನು ತಿನ್ನುವವರು, ಆ ತಿನ್ನುವವರನ್ನು ತಿನ್ನುವವರು, ಎಲ್ಲರ ಸಂಸಾರವೂ ಮೇಲೆಯೇ. ಕೆಳಗೆ ನಿಂತವನಿಗೆ ಸಿಗುವುದು ಹಕ್ಕಿಯ ಹೊಟ್ಟೆ, ಕತ್ತುನೋವು, ಸಾಕ್ಸಿನೊಳಗೆ ಇಂಬಳ. ಮೇಲೆ ನಿಂತರೆ ಹಕ್ಕಿಯ ಬೆನ್ನಿನ ಬಣ್ಣ ಕಾಣುತ್ತದೆ. ಇಂಬಳವಂತೂ ಇಲ್ಲವೇ ಇಲ್ಲ.

ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದ್ದು ಪ್ರಾಣಿಯಲ್ಲ, ಒಂದು ಜರೀಗಿಡ. ಕೊಂಬೆಯ ಕವಲಿನಲ್ಲಿ ಕೂತು, ಉದ್ದುದ್ದ ಎಲೆಗಳನ್ನು ಸುತ್ತಲೂ ಬುಟ್ಟಿಯಾಕಾರದಲ್ಲಿ ಬಿಡಿಸಿಕೊಂಡಿರುತ್ತದೆ. ಬರ್ಡ್ಸ್ ನೆಸ್ಟ್ ಫರ್ನ್ ಅನ್ನುತ್ತಾರೆ. ಮೇಲಿನಿಂದ ಉದುರುವ ತರಗೆಲೆಯನ್ನೆಲ್ಲ ಹಿಡಿದಿಟ್ಟುಕೊಂಡು, ಕೊಳೆಸಿ, ಆಕಾಶದಲ್ಲೇ ಮಣ್ಣು ಮಾಡಿಕೊಂಡು ಬದುಕುವ ಗಿಡ. ‘ರೀ, ಇದು ನಮ್ಮ ತಾರಸಿ ಮೇಲಿನ ಕಾಂಪೋಸ್ಟ್ ಡಬ್ಬಿಯಲ್ಲವಾ’ ಎಂದಳು ನಮ್ಮಾಕೆ. ಹೆಚ್ಚುಕಡಿಮೆ ಹೌದು. ನೀರು ಕುಡಿದ ದೊಡ್ಡ ಜರೀಗಿಡದ ತೂಕ ಇನ್ನೂರು ಕಿಲೋ ಮುಟ್ಟುವುದುಂಟು. ಡಾನಮ್ ಕಣಿವೆಯಲ್ಲಿ ಇಂಥ ಗಿಡಗಳನ್ನು ಕೆಳಗಿಳಿಸಿ ಒಳಗಿನ ಗೆದ್ದಲು, ಇರುವೆ, ಜಿರಳೆ, ಶತಪದಿಗಳನ್ನೆಲ್ಲ ಲೆಕ್ಕ ಹಾಕಿದ ಇಬ್ಬರು ಸಂಶೋಧಕರು, ಒಂದು ದೊಡ್ಡ ಜರೀಗಿಡದ ಹುಳುಹುಪ್ಪಟೆಯ ಒಟ್ಟು ತೂಕ ಆ ಮರದ ಉಳಿದಿಡೀ ಕೊಂಬೆರೆಂಬೆಗಳಲ್ಲಿರುವ ಹುಳುಗಳ ತೂಕಕ್ಕೆ ಸಮನಾಗಬಹುದು ಎಂದು 2004ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಅಲ್ಲಿಗೆ ಅದುವರೆಗಿನ ಅಂದಾಜು ಎರಡರಷ್ಟಾಯಿತು. ನಾವು ನೋಡುತ್ತಿದ್ದ ಗಿಡದ ಅಂಚಿಗೆ ಒಂದು ಅಳಿಲು ಬಂದು ಕೂತು, ಒಳಗೆ ಮುಖ ತೂರಿಸಿ, ಒಣಗಿದೆಲೆಗಳನ್ನು ಒಂದೊಂದಾಗಿ ಕಿತ್ತು ಹೊರಗೆಸೆದು ಹುಡುಕಾಡಿತು. ಮೈಯೆಲ್ಲ ಕಡುಗಪ್ಪು, ಹೊಟ್ಟೆ ಮಾತ್ರ ಇಟ್ಟಿಗೆಗೆಂಪು. ಪ್ರಿವೋಸ್ಟ್ಸ್ ಅಳಿಲು ಅದು. ಬೇರೆ ಕಡೆಗಳಲ್ಲಿ ಅದರ ಪಕ್ಕೆಯಲ್ಲಿ ಬಿಳಿ ಪಟ್ಟಿಯಿರುತ್ತದೆ, ಸಬಾದ ಬಗೆಗೆ ಇಲ್ಲ. ನೆಲದಿಂದ ನೋಡಿದ್ದರೆ ನನಗೆ ಕಾಣುತ್ತಿದ್ದುದು ಉದುರುವ ಎಲೆಗಳಷ್ಟೇ.

ಮಂಗಟ್ಟೆಗಳ ವಿಷಯಕ್ಕೆ ಬರೋಣ, ಏಕೆಂದರೆ ಎಲ್ಲರೂ ಕೇಳುವುದು ಅದನ್ನೇ. ರೈನೋಸರಸ್ ಹಾರ್ನ್‌ಬಿಲ್ ಬರುವುದನ್ನು ಮೊದಲು ಕೇಳುತ್ತೀರಿ, ಆಮೇಲೆ ನೋಡುತ್ತೀರಿ. ರೆಕ್ಕೆಯ ಬಡಿತಕ್ಕೆ ಭುಸ್ ಭುಸ್ ಎಂದು ಉಸಿರೆಳೆದಂಥ ಸದ್ದು. ಮಂಗಟ್ಟೆಗಳ ರೆಕ್ಕೆಯಡಿಯಲ್ಲಿ ದೊಡ್ಡ ಗರಿಗಳ ಬುಡವನ್ನು ಮುಚ್ಚುವ ಸಣ್ಣ ಗರಿಗಳಿಲ್ಲ, ಗಾಳಿ ಸಂದಿಯಲ್ಲಿ ನುಗ್ಗಿ ಸದ್ದಾಗುತ್ತದೆ. ನಾವಿದ್ದ ಮಟ್ಟದಲ್ಲೇ ಅತ್ತಿಜಾತಿಯ ಒಂದು ಮರ ಹಣ್ಣು ಬಿಟ್ಟಿತ್ತು. ಮಂಗಟ್ಟೆ ಬಂದು ಕೂತು, ಕೊಕ್ಕಿನ ತುದಿಯಲ್ಲಿ ಒಂದು ಹಣ್ಣನ್ನು ಚಿವುಟಿ, ತಲೆಯನ್ನು ಹಿಂದಕ್ಕೆ ಜಾಡಿಸಿ ಗಂಟಲಿಗೆ ಎಸೆದುಕೊಂಡಿತು. ಅಷ್ಟುದ್ದದ ಕೊಕ್ಕಿಗೆ ನಾಲಿಗೆ ಮೋಟು. ಎಸೆದುಕೊಳ್ಳದೆ ಹಣ್ಣು ಒಳಗೆ ಹೋಗುವುದಿಲ್ಲ. ಪ್ರತಿ ಹಣ್ಣಿಗೂ ಅದೇ ಕಸರತ್ತು, ಒಂದೂ ಕೆಳಗೆ ಬೀಳಲಿಲ್ಲ. ನೆತ್ತಿಯ ಮೇಲೆ ಬಾಗಿ ಎದ್ದ ಕೊಂಬಿನ ಆ ಕೆಂಪು-ಕಿತ್ತಳೆ ಬಣ್ಣ ಹುಟ್ಟಿನಿಂದ ಬಂದದ್ದಲ್ಲ, ಮೇಕಪ್ಪು. ಬಾಲದ ಬುಡದ ಗ್ರಂಥಿಯ ಎಣ್ಣೆಯನ್ನು ಉಜ್ಜಿ ಉಜ್ಜಿ ಬಂದ ಬಣ್ಣ. ಮರಿಗೆ ಅದು ಇರುವುದಿಲ್ಲ.

ಬ್ರಿಸಲ್‌ಹೆಡ್ ಟವರಿಗೆ ಹೆಸರು ಕೊಟ್ಟ ಹಕ್ಕಿಗಾಗಿ ಜಗತ್ತಿನ ಮೂಲೆಮೂಲೆಯಿಂದ ಜನ ಇಲ್ಲಿಗೆ ಬರುತ್ತಾರೆ. ಬೋರ್ನಿಯೋ ಬಿಟ್ಟರೆ ಇನ್ನೆಲ್ಲೂ ಇಲ್ಲ. ಆ ಕುಟುಂಬದಲ್ಲಿ ಅದೊಂದೇ ಜಾತಿ, ಅಣ್ಣತಮ್ಮಂದಿರಿಲ್ಲ. ಕಪ್ಪು ಮೈ, ಕೆಂಪು ತಲೆ, ನಡುನೆತ್ತಿಯಲ್ಲಿ ಹಳದಿ ಮುಳ್ಳುಮುಳ್ಳಾದ ಬೋಳು, ದಪ್ಪ ಕೊಕ್ಕು. ಗುಂಪಿನಲ್ಲಿ ಬರುತ್ತದೆ, ಮೂಗಿನಲ್ಲಿ ರಾಗ ಎಳೆಯುತ್ತದೆ, ಮರದ ತುದಿಯಲ್ಲಿ ಮಿಡತೆ ಹುಡುಕುತ್ತಾ ಮುಂದೆ ಹೋಗಿಬಿಡುತ್ತದೆ. ನಮಗೆ ರಾಗ ಕೇಳಿಸಿತು, ಎಲೆಗಳ ನಡುವೆ ಕೆಂಪು ಎರಡು ಕ್ಷಣ ಮಿಂಚಿತು, ಅಷ್ಟೇ. ನಮ್ಮಾಕೆ ‘ಕಂಡೆ’ ಎಂದು ಡೈರಿಯಲ್ಲಿ ಬರೆದುಕೊಂಡಳು. ನಾನಾಗಿದ್ದರೆ ಬರೆಯುತ್ತಿರಲಿಲ್ಲ. ಈ ಜಗಳ ಇನ್ನೂ ಬಗೆಹರಿದಿಲ್ಲ.

ಒರಾಂಗುಟಾನ್? ಪಕ್ಕದಲ್ಲೇ 1964ರಲ್ಲಿ ಶುರುವಾದ ಒರಾಂಗುಟಾನ್ ಪುನರ್ವಸತಿ ಕೇಂದ್ರವಿದೆ. ಅಲ್ಲಿಂದ ಕಾಡಿಗೆ ಮರಳಿದವು, ಅವುಗಳ ಮಕ್ಕಳುಮರಿ ಈ ಕಾಡಿನಲ್ಲೇ ತಿರುಗಾಡಿಕೊಂಡಿವೆ. ಸ್ಕೈವಾಕ್ ಕಡೆಗೂ ಬರುವುದುಂಟು, ಆದರೆ ಅದನ್ನೇ ನಂಬಿಕೊಂಡು ಟಿಕೆಟ್ ತೆಗೆಯಬೇಡಿ. ನಮಗೆ ಸಿಕ್ಕಿದ್ದು ಗೂಡು ಮಾತ್ರ: ಕೊಂಬೆಗಳನ್ನು ಬಗ್ಗಿಸಿ ಹೆಣೆದ ಹಾಸಿಗೆ, ಎಲೆಗಳು ಕಂದುಬಣ್ಣಕ್ಕೆ ತಿರುಗಿದ್ದವು. ದಿನಾ ರಾತ್ರಿ ಹೊಸದಾಗಿ ಕಟ್ಟಿಕೊಂಡು ಮಲಗುವ ಪ್ರಾಣಿ ಅದು. ಒರಾಂಗುಟಾನ್ ನೋಡಲೇಬೇಕಿದ್ದರೆ ಪುನರ್ವಸತಿ ಕೇಂದ್ರಕ್ಕೇ ಹೋಗಿ. ಅಲ್ಲೇ ಪಕ್ಕದಲ್ಲಿ ಸನ್ ಬೇರ್, ಅಂದರೆ ಎದೆಯ ಮೇಲೆ ಹಳದಿ ಗುರುತಿರುವ ಪುಟ್ಟ ಕರಡಿಗಳ ಕೇಂದ್ರವೂ ಇದೆ.

ಈಗ ಸಂಜೆಯ ಮಾತು. ಸೆಪಿಲಾಕ್‌ಗೆ ಹೋಗಿ ಸಂಜೆ ನಿಲ್ಲದೆ ಬಂದರೆ ಅರ್ಧ ಟಿಕೆಟ್ ದಂಡ.

ಭೂಮಧ್ಯರೇಖೆಗೆ ಹತ್ತಿರವಾದ್ದರಿಂದ ವರ್ಷವಿಡೀ ಕತ್ತಲಾಗುವುದು ಆರು ಗಂಟೆಯ ಸುಮಾರಿಗೇ. ಅದಕ್ಕೆ ಸ್ವಲ್ಪ ಮುಂಚೆ ದೊಡ್ಡ ಜೀರುಂಡೆಯೊಂದು ಶುರುಮಾಡುತ್ತದೆ. ಸಿಕ್ಸ್-ಒ-ಕ್ಲಾಕ್ ಸಿಕಾಡ ಎಂದೇ ಅದಕ್ಕೆ ಹೆಸರು. ಕಾರಿನ ಹಾರ್ನ್ ಯಾರೋ ಒತ್ತಿ ಹಿಡಿದರೇನೋ ಎಂದು ನಾನು ತಿರುಗಿ ನೋಡಿದೆ. ಆಮೇಲೆ ಕೆಂಪು ದೈತ್ಯ ಹಾರುಬೆಕ್ಕು. ಬೆಕ್ಕೆಂದರೂ ಅಳಿಲೇ. ಮರದ ಪೊಟರೆಯಿಂದ ಮೊದಲು ಮೂತಿ ಬಂತು. ಬಹಳ ಹೊತ್ತು ಮೂತಿಯೊಂದೇ. ನಂತರ ಇಡೀ ಮೈ ಹೊರಬಂದು, ಕಾಂಡದ ಮೇಲೆ ಸರಸರ ತುದಿಗೇರಿ, ತಲೆಯನ್ನು ಮೇಲೆ ಕೆಳಗೆ ಆಡಿಸುತ್ತಾ ಎದುರಿನ ಮರವನ್ನು ಅಳೆಯಿತು. ಟವರಿನ ಮೇಲಿಂದ ಹಗ್ಗ ಎಸೆಯುವ ಮುಂಚೆ ನಮ್ಮ ಹುಡುಗರು ದೂರ ಅಳೆಯುತ್ತಿದ್ದುದೂ ಹೀಗೆಯೇ ತಲೆ ಆಡಿಸಿ. ಜಿಗಿಯಿತು. ಮಣಿಕಟ್ಟಿನಿಂದ ಹಿಂಗಾಲಿನವರೆಗಿನ ಚರ್ಮ ಬಿಚ್ಚಿಕೊಂಡು ಚೌಕವಾಯಿತು. ಉದ್ದನೆಯ ಬಾಲ ಹಿಂದೆ ನೇರ. ಒಂದೂ ಸದ್ದಿಲ್ಲ. ನಮ್ಮ ದಾರಿಗಿಂತ ಕೆಳಗೆ ಹಾದು, ಎದುರು ಮರ ಹತ್ತಿರವಾಗುತ್ತಿದ್ದಂತೆ ಮೈಯನ್ನು ಮೇಲಕ್ಕೆತ್ತಿ ಗಾಳಿಗೆ ಎದೆಯೊಡ್ಡಿ ವೇಗ ಕಳೆದುಕೊಂಡು, ನಾಲ್ಕೂ ಕಾಲಲ್ಲಿ ಕಾಂಡಕ್ಕೆ ಅಂಟಿಕೊಂಡಿತು. ಅಂಟಿದ ಮರುಕ್ಷಣವೇ ಮರದ ಆಚೆ ಬದಿಗೆ ಓಡಿತು; ಹಿಂಬಾಲಿಸಿ ಬಂದ ಗೂಬೆಯೇನಾದರೂ ಇದ್ದರೆ ಅದಕ್ಕೆ ಖಾಲಿ ತೊಗಟೆ ಸಿಗಲಿ ಎಂಬ ಲೆಕ್ಕ. ನೂರು ಮೀಟರ್‌ವರೆಗೂ ಹೀಗೆ ತೇಲಬಲ್ಲದು. ಪಕ್ಕದಲ್ಲಿದ್ದ ಯಾರೋ ಚಪ್ಪಾಳೆ ತಟ್ಟಿದರು. ಅಲ್ಲಿ ತಟ್ಟಬಾರದು, ಆದರೂ ಅವರ ಮೇಲೆ ಸಿಟ್ಟು ಬರಲಿಲ್ಲ.

ಈ ಕಾಡಿನಲ್ಲಿ ತೇಲುವುದು ಒಂದು ಮನೆತನದ ವಿದ್ಯೆಯಲ್ಲ. ಪಕ್ಕೆಲುಬನ್ನೇ ಕೊಡೆಯ ಕಡ್ಡಿ ಮಾಡಿಕೊಂಡ ಹಾರುವ ಓತಿ ಹಗಲಲ್ಲಿ ಕಾಣುತ್ತದೆ (ರೇಲಿಂಗಿನ ಪಕ್ಕದ ಕಾಂಡಗಳನ್ನು ಗಮನಿಸುತ್ತಿರಿ, ಗಂಡು ಗಂಟಲಡಿಯ ಬಾವುಟ ಬಿಚ್ಚಿ ಮಡಚಿ ಮಾಡುತ್ತಿರುತ್ತದೆ). ಬೋರ್ನಿಯೋದಲ್ಲಿ ತೇಲುವ ಕಪ್ಪೆಯಿದೆ, ತೇಲುವ ಹಾವಿದೆ, ಮರಿಯನ್ನು ಹೊಟ್ಟೆಗೆ ಕಟ್ಟಿಕೊಂಡು ತೇಲುವ ಕೊಲುಗೊ ಎಂಬ ಸಸ್ತನಿಯಿದೆ. ಆಗ್ನೇಯ ಏಷ್ಯಾದ ಕಾಡಿನಲ್ಲೇ ಯಾಕಿಷ್ಟು ತೇಲುವವರು? ಮರಗಳು ಬಹಳ ಎತ್ತರ, ಒಂದರಿಂದೊಂದಕ್ಕೆ ದಾಟಿಸುವ ದಪ್ಪ ಬಳ್ಳಿಗಳು ಇಲ್ಲಿ ಕಡಿಮೆ, ಅದಕ್ಕೇ ಎಂದು ಕೆಲವು ವಿಜ್ಞಾನಿಗಳ ವಾದ. ಸ್ಕೈವಾಕ್ ಮೇಲೆ ನಿಂತು ಮರಮರದ ನಡುವಿನ ಬಯಲನ್ನು ನೋಡಿದಾಗ ನನಗಂತೂ ಆ ವಾದ ಒಪ್ಪಿಗೆಯಾಯಿತು. ನೆಲಕ್ಕಿಳಿದು ಮತ್ತೆ ಇನ್ನೊಂದು ಮರ ಹತ್ತುವ ಸುಸ್ತು ಎಂಥದೆಂದು ನನಗೆ ಗೊತ್ತು.

ದೂರು ಒಂದಿದೆ, ಅದು ಕೇಂದ್ರದ ಮೇಲಲ್ಲ. ಪ್ಯಾಕೇಜ್ ಪ್ರವಾಸದವರು ಸೆಪಿಲಾಕ್ ಎಂದರೆ ಬೆಳಿಗ್ಗೆ ಒರಾಂಗುಟಾನ್, ಮಧ್ಯಾಹ್ನ ಕರಡಿ, ನಡುವೆ ಸಮಯ ಉಳಿದರೆ ಸ್ಕೈವಾಕ್ ಎಂದು ತುರುಕಿರುತ್ತಾರೆ. ನಮಗೆ ಮೊದಲು ಸಿಕ್ಕ ಏಜೆಂಟ್ ಕೊಟ್ಟ ವೇಳಾಪಟ್ಟಿಯಲ್ಲಿ ಸ್ಕೈವಾಕ್‌ಗೆ ಇದ್ದದ್ದು ಮಧ್ಯಾಹ್ನ ಒಂದರಿಂದ ಎರಡು. ಆ ಹೊತ್ತಿಗೆ ಉಕ್ಕು ಕಾದಿರುತ್ತದೆ, ಹಕ್ಕಿಗಳು ಬಾಯಿ ಮುಚ್ಚಿರುತ್ತವೆ, ನೆರಳೇ ಇಲ್ಲದ ಕಡೆ ನೀವು ನೀರಿನ ಬಾಟಲಿ ಹುಡುಕುತ್ತಿರುತ್ತೀರಿ. ‘ಏನೂ ಕಾಣಲಿಲ್ಲ’ ಎಂದು ಬರೆಯುವ ಬಹಳಷ್ಟು ಜನ ಹೋಗಿರುವುದು ಇದೇ ಹೊತ್ತಿನಲ್ಲಿ ಎಂದು ನನ್ನ ಗುಮಾನಿ. ನಾವು ಆ ಏಜೆಂಟನ್ನು ಬಿಟ್ಟು ಅಲ್ಲೇ ಹತ್ತಿರದ ಲಾಡ್ಜಿನಲ್ಲಿ ಉಳಿದೆವು.

ಹೋಗುವವರಿಗೆ ಸ್ವಲ್ಪ ವಿವರ. ಕೋಟ ಕಿನಾಬಾಲುವಿನಿಂದ ಸಂಡಾಕನ್‌ಗೆ ವಿಮಾನದಲ್ಲಿ ಒಂದು ಗಂಟೆಯೂ ಬೇಡ. ಅಲ್ಲಿಂದ ಸೆಪಿಲಾಕ್ ಸುಮಾರು 25 ಕಿಲೋಮೀಟರ್. ಬಸ್ಸಿನಲ್ಲಾದರೆ ‘ಬಾತು 14’ ಎಂಬ ತಿರುವಿನಲ್ಲಿ ಇಳಿಯಬೇಕು, ಗ್ರಾಬ್ ಟ್ಯಾಕ್ಸಿಯೂ ಸಿಗುತ್ತದೆ. ಪ್ರವೇಶಕ್ಕೆ ವಿದೇಶಿಯರಿಗೆ ಮಲೇಷ್ಯಾದವರಿಗಿಂತ ಹೆಚ್ಚು ರಿಂಗಿಟ್, ರಾತ್ರಿ ನಡಿಗೆಗೆ ಬೇರೆ ಟಿಕೆಟ್. ಆ ನಡಿಗೆಗೆ ಮಾರ್ಗದರ್ಶಕರೊಂದಿಗೇ ಹೋಗಬೇಕು, ಮುಂಚೆಯೇ ಕೇಳಿಡಿ. ಬೆಳಿಗ್ಗೆ ಗೇಟು ತೆರೆಯುವ ಹೊತ್ತಿಗೇ ಹೋಗಿ. ಒರಾಂಗುಟಾನ್‌ಗಳಿಗೆ ಊಟ ಕೊಡುವುದು ಹತ್ತು ಗಂಟೆಗೆ ಮತ್ತು ಮೂರು ಗಂಟೆಗೆ. ಜನವೆಲ್ಲ ಆಗ ಆ ಕಡೆ ಇರುವುದರಿಂದ ಸ್ಕೈವಾಕ್ ನಿಮ್ಮದೇ. ನವೆಂಬರಿನಿಂದ ಫೆಬ್ರವರಿವರೆಗೆ ಈ ಕರಾವಳಿಯಲ್ಲಿ ಮಳೆ ಜೋರು. ಉಳಿದ ತಿಂಗಳಲ್ಲೂ ಮಧ್ಯಾಹ್ನದ ಮೇಲೆ ಗುಡುಗು ಸಾಮಾನ್ಯ. ಗುಡುಗಿದ ಕೂಡಲೇ ಇಳಿದುಬಿಡಿ, ಯಾರಾದರೂ ಹೇಳುವವರೆಗೆ ಕಾಯಬೇಡಿ. ಮಿಂಚು ಉಕ್ಕಿನ ಟವರಿಗೆ ಬಡಿಯುವುದನ್ನು ಹತ್ತಿರದಿಂದ ನೋಡಿದವನ ಮಾತಿದು.

ಎತ್ತರ ಆಗದವರಿಗೆ ನಮ್ಮಾಕೆ ಹೇಳಿಕೊಟ್ಟ ಉಪಾಯ: ದಾರಿಯ ಮೇಲೆ ಕಣ್ಣಿಡದೆ, ಎದುರಿನ ಒಂದು ಮರವನ್ನು ಆರಿಸಿಕೊಂಡು ಅದನ್ನೇ ಬುಡದಿಂದ ತುದಿಯವರೆಗೆ ನೋಡುತ್ತಾ ನಿಲ್ಲುವುದು. ನಡೆಯುವಾಗ ನನ್ನ ತೋಳು ಹಿಡಿದಿದ್ದಳು. ಹಾರುಬೆಕ್ಕು ಜಿಗಿದಾಗ ಬಿಟ್ಟದ್ದು ಅವಳಿಗೇ ಗೊತ್ತಿಲ್ಲ.

ಸಂಜೆ ನಿಲ್ಲುವವರು ಟಾರ್ಚ್ ಒಯ್ಯಿ. ಇಳಿಯುವಾಗ ಕತ್ತಲಲ್ಲಿ ರೇಲಿಂಗಿನ ಮೇಲೆ ಕೈ ಸವರಿಕೊಂಡು ಬರಬೇಡಿ. ಹಸಿರು ಗುಳಿಮಂಡಲ ಹಾವು ಒಂದೇ ಕಡೆ ದಿನಗಟ್ಟಲೆ ಕದಲದೆ ಕೂತಿರುತ್ತದೆ, ಕೂರುವ ಜಾಗ ರೆಂಬೆಯೇ ಆಗಬೇಕೆಂದಿಲ್ಲ. ವಿಷದ ಹಾವು. ಮೊದಲು ಬೆಳಕು ಬಿಡಿ, ಆಮೇಲೆ ಕೈ ಇಡಿ.